ಟಣ್ ಎನ್ನದ ಬಟ್ಟಲುಗಳು

ಮಾರ್ಚ್ 3, ಸೋಮವಾರ

ಈ ಮನೆಯಲ್ಲಿ ಮಾತಿಗೆ ಬರ ಬಂದಿದೆ. ಅದಕ್ಕೇ ಈ ಪುಸ್ತಕ. ಅಕ್ಕನ ಊದಿದ ಮುಖ ನೋಡಿಕೊಂಡು ಎಷ್ಟು ದಿನ ಕೂರುವುದು? ಬರೆದರೆ ಹೊಟ್ಟೆಯೊಳಗಿನದಾದರೂ ಹೊರಗೆ ಬರುತ್ತದೆ, ಕಾಗದ ತಿರುಗಿ ಗೊಣಗುವುದಿಲ್ಲ.

ವಿಷಯ ಇಷ್ಟೇ. ಅಕ್ಕನ ಮಗಳು ಫೋನು ಮಾಡಿ, ಅಮ್ಮಾ ನಮ್ಮನೆಗೆ ಬಂದು ಇದ್ದುಬಿಡು ಎಂದಿದ್ದಾಳೆ. ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಮುಟ್ಟುವ ಊರು. ಕೈಗೂಸು, ನೌಕರಿ, ಎರಡನ್ನೂ ಸಂಭಾಳಿಸಲಾಗದೆ ಹುಡುಗಿ ಸುಸ್ತಾಗಿದ್ದಾಳೆ. ಅಕ್ಕ ಇನ್ನೂ ಏನೂ ತೀರ್ಮಾನ ಮಾಡಿಲ್ಲ. ನನ್ನನ್ನು ಕೇಳಿಯೂ ಇಲ್ಲ. ಹೋಗುವುದಾದರೆ ಹೋಗಲಿ, ನಾನೇನು ಕಾಲು ಹಿಡಿದು ನಿಲ್ಲಿಸುವುದಿಲ್ಲ. ಭಾವ ತೀರಿಕೊಂಡ ಮೇಲೆ ಇಲ್ಲಿಗೆ ಬಂದವಳು ಅವಳು. ನಾನು ಮದುವೆಯ ಗೋಜಿಗೇ ಹೋದವನಲ್ಲ. ಅವಳು ಬರುವ ಮುಂಚೆ ನಾನು ಬದುಕಿರಲಿಲ್ಲವೇ? ಬದುಕಿದ್ದೆ. ಹೇಗೆ ಬದುಕಿದ್ದೆ ಅನ್ನುವುದು ಬೇರೆ ಮಾತು.

ಆದರೆ ಕೆಲಸ? ಹಿತ್ತಲ ಶೆಡ್ಡಿನಲ್ಲಿ ತಿರುಗುವ ಲೇತಿನ ಮೇಲೆ ಮರದ ಬಟ್ಟಲು ಕಡೆಯುವವನು ನಾನು. ಕಡೆದದ್ದನ್ನು ಉಪ್ಪುಕಾಗದದಿಂದ ಉಜ್ಜಿ, ಎಣ್ಣೆ ಕುಡಿಸಿ, ಜೇನುಮೇಣ ತಿಕ್ಕಿ ಮೆರುಗು ತರುವವಳು ಅವಳು. ಅಂಗಡಿಯವರು ಬಂದು ಬಟ್ಟಲನ್ನು ಕೈಗೆತ್ತಿಕೊಂಡು ಸವರುತ್ತಾರಲ್ಲ, ಅವರು ಸವರುವುದು ಅಕ್ಕನ ಕೆಲಸವನ್ನು. ನನ್ನ ಕೆಲಸ ಅದರ ಕೆಳಗಿರುತ್ತದೆ. ಇದನ್ನು ಅವಳ ಎದುರು ನಾನು ಯಾವತ್ತೂ ಹೇಳಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾಳೆ.

ಇತ್ತೀಚೆಗಂತೂ ಅವಳು ಮಾತಾಡುವುದೇ ಒಂದು ಥರ. ಹಲ್ಲುಸಂದಿಯಲ್ಲಿ ಗೊಣಗುವುದು, ಗೋಡೆಗೆ ಮುಖ ಮಾಡಿಕೊಂಡು ಏನೋ ಅನ್ನುವುದು. ಏನು ಅಂತ ಕೇಳಿದರೆ ಕಣ್ಣು ಕೆಕ್ಕರಿಸುವುದು. ಹೋಗುವ ಮನಸ್ಸಾಗಿದೆ ಅಂತ ಕಾಣುತ್ತದೆ, ಜಗಳಕ್ಕೊಂದು ನೆಪ ಹುಡುಕುತ್ತಿದ್ದಾಳೆ.

ಮಾರ್ಚ್ 6, ಗುರುವಾರ

ಬೆಳಗ್ಗೆ ಅಕ್ಕ ಉಪ್ಪು ತಗೊಂಡು ಬಾ ಅಂದಳು. ತಂದೆ. ನನ್ನ ಮುಖ ನೋಡಿದಳು, ಪ್ಯಾಕೆಟ್ಟು ನೋಡಿದಳು, ತುಟಿ ಬಿಗಿದುಕೊಂಡು ಕಪಾಟಿನಲ್ಲಿಟ್ಟಳು. ಅಲ್ಲಿ ಆಗಲೇ ಉಪ್ಪಿನ ಪ್ಯಾಕೆಟ್ಟುಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿವೆ. ಇಷ್ಟು ಇಟ್ಟುಕೊಂಡು ಮತ್ತೆ ಯಾಕೆ ತರಿಸುತ್ತಾಳೋ. ವಯಸ್ಸಾಯಿತು, ಪಾಪ, ಮರೆವು.

ಊಟಕ್ಕೆ ಕೂತಾಗ, “ಈ ನಡುವೆ ಸೊಪ್ಪು ಮಾಡೋದೇ ಬಿಟ್ಟಿದ್ದೀಯಲ್ಲ ಅಕ್ಕಾ” ಅಂದೆ. ಸೌಟು ಅಲ್ಲೇ ಬಿಟ್ಟು ಹಣೆ ಚಚ್ಚಿಕೊಂಡಳು. ಆಮೇಲೆ ಅವಳಿಗೆ ನಗು ಬಂತು. ಯಾಕೆ ಅಂತ ನನಗೆ ತಿಳಿಯಲಿಲ್ಲ, ಆದರೂ ನಾನೂ ನಕ್ಕೆ. ಇಬ್ಬರೂ ಒಟ್ಟಿಗೆ ನಕ್ಕು ಬಹಳ ದಿನವಾಗಿತ್ತು.

ಮಾರ್ಚ್ 11, ಮಂಗಳವಾರ

ಇವತ್ತು ತಲೆ ಕೆಟ್ಟು ಹೋಗಿದೆ. ಗರಗಸನ ಜೊತೆ ಜಗಳವಾಯಿತು.

ಗರಗಸ ಅಂದರೆ ಸಾಮಿಲ್ಲಿನವನು. ನಾನು ಲೇತ್ ಇಟ್ಟ ಮೊದಲ ದಿನದಿಂದ ಮರ ಕೊಡುತ್ತಿರುವವನು, ನನಗಿರುವ ಒಬ್ಬನೇ ಸ್ನೇಹಿತ. ಅವನ ಗಂಟಲು ಕೇಳಿದವರೆಲ್ಲ ಈ ಹೆಸರನ್ನು ಒಪ್ಪಿದ್ದಾರೆ, ಅವನ ಹೆಂಡತಿಯೂ ಸೇರಿ. ಬೀದಿಯ ಆ ತುದಿಯಲ್ಲಿ ಸೀನಿದರೆ ಈ ತುದಿಯಲ್ಲಿ ಮಕ್ಕಳು ಎಚ್ಚರಾಗುತ್ತಿದ್ದವು. ಅಂಥವನು ಈಗ ಹೊಸ ಮದುಮಗಳ ಹಾಗೆ ಮೆತ್ತಗೆ ಮಾತಾಡುತ್ತಾನೆ. ಗಂಟಲಿಗೆ ಏನಾಯಿತೋ ಅಂದರೆ, ಏನೂ ಆಗಿಲ್ಲ ಅಂತ ಕೈಯಾಡಿಸುತ್ತಾನೆ.

ಅವನು ಕೊಟ್ಟ ಹಿಪ್ಪುನೇರಳೆ ಮರವನ್ನು ಹೋದ ವರ್ಷ ಹಸಿಯಿದ್ದಾಗಲೇ ದಪ್ಪನಾಗಿ ಒಂದು ಸಲ ಕಡೆದು ಶೆಡ್ಡಿನ ಅಟ್ಟದ ಮೇಲೆ ಒಣಗಲು ಇಟ್ಟಿದ್ದೆ. ಹಸಿ ಬಟ್ಟಲು ಒಣಗುವಾಗ ಮನಸ್ಸಿಗೆ ಬಂದ ಹಾಗೆ ಸೊಟ್ಟಗಾಗುತ್ತದೆ. ಅದರ ಹಟವೆಲ್ಲ ಮುಗಿದ ಮೇಲೆ ಎರಡನೇ ಸಲ ಲೇತಿಗೆ ಹಾಕಿ ತೆಳ್ಳಗೆ, ದುಂಡಗೆ ಮಾಡುವುದು. ಹಾಗೆ ಹಾಕುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಲೇಬೇಕು. ಗಟ್ಟಿ ಬಟ್ಟಲು ಟಣ್ ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಒಳಗಿದ್ದರೆ ದಬ್ ಅನ್ನುತ್ತದೆ. ದಬ್ ಅಂದದ್ದನ್ನು ಲೇತಿಗೆ ಹಾಕಿದರೆ ಆ ವೇಗಕ್ಕೆ ಸಿಡಿದು ಮುಖಕ್ಕೇ ಬರುತ್ತದೆ.

ಗರಗಸ ಬಂದ ಹೊತ್ತಿಗೆ ಬಟ್ಟಲುಗಳನ್ನು ಅಟ್ಟದಿಂದ ಇಳಿಸುತ್ತಿದ್ದೆ. ಒಂದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿ ಹಲ್ಲು ಕಿರಿದ.

“ಚೆನ್ನಾಗ್ ಒಡೆದಿದೆ ಕಣೋ,” ಅಂದ.

ಒಡೆದಿದೆ ಅನ್ನುವುದನ್ನು ನಗುತ್ತಾ ಹೇಳುತ್ತಾನಲ್ಲ! ಕಿತ್ತುಕೊಂಡು ತಟ್ಟಿದೆ. ದಬ್. ಇನ್ನೊಂದು ತಟ್ಟಿದೆ, ಅದೂ ದಬ್. ಇಳಿಸಿದ್ದನ್ನೆಲ್ಲ ಒಂದೊಂದಾಗಿ ತಟ್ಟಿದೆ. ಒಂದು ವರ್ಷದ ಕೆಲಸ, ಒಂದಾದರೂ ಟಣ್ ಅನ್ನಲಿಲ್ಲ.

“ಎಂಥ ಮರ ಕೊಟ್ಟಿದ್ದೀಯೋ ನಂಗೆ?” ಅಂದೆ. ಅವನು ಏನೇನೋ ಅಂದ, ಕೈ ಮೇಲೆ ಮಾಡಿದ, ಕೆಳಗೆ ಮಾಡಿದ. ಬಾಯಿ ಆಡುತ್ತಿತ್ತು, ನೆಟ್ಟಗೆ ಒಂದು ಮಾತು ಹೊರಗೆ ಬರಲಿಲ್ಲ. ತಪ್ಪು ಮಾಡಿದವನಿಗೆ ಸ್ವರ ಎಲ್ಲಿಂದ ಬರಬೇಕು? “ಕೊಟ್ಟಿದ್ದಲ್ದೆ ನಗ್ತೀಯಾ? ಇನ್ನೊಂದ್ ಸಲ ಈ ಕಡೆ ತಲೆ ಹಾಕ್ಬೇಡ,” ಅಂದೆ. ಅಕ್ಕ ಓಡಿ ಬಂದು ಇಬ್ಬರ ನಡುವೆ ನಿಂತಳು. ಅವಳು ಅವನ ಕಡೆಯೇ ತಿರುಗಿ ಮಾತಾಡಿದಳು, ನನ್ನ ಕಡೆಗಲ್ಲ. ಅದಕ್ಕೆ ಇನ್ನಷ್ಟು ಹೊಟ್ಟೆ ಉರಿಯಿತು.

ಬಟ್ಟಲುಗಳನ್ನು ಶೆಡ್ಡಿನ ಮೂಲೆಯಲ್ಲಿ ರಾಶಿ ಹಾಕಿದ್ದೇನೆ.

ಮಾರ್ಚ್ 12, ಬುಧವಾರ

ಗರಗಸ ಬರಲಿಲ್ಲ. ಬರಬೇಡ ಅಂದರೆ ಬರದೇ ಇರುವ ಜಾತಿಯವನಲ್ಲ ಅವನು.

ಮಾರ್ಚ್ 18, ಮಂಗಳವಾರ

ಉಳಿದಿದ್ದ ನಾಲ್ಕಾರು ಹಳೆಯ ದಿಮ್ಮಿಗಳಲ್ಲಿ ಚಿಕ್ಕ ಬಟ್ಟಲು ಕಡೆಯುತ್ತಿದ್ದೇನೆ. ಬೇರಿಂಗಿಗೆ ಗ್ರೀಸು ಹಾಕಿದ ಮೇಲೆ ಲೇತ್ ಎಷ್ಟು ಮೆತ್ತಗೆ ಓಡುತ್ತಿದೆ ಅಂದರೆ, ಹೊಸದರಲ್ಲೂ ಹೀಗೆ ಓಡಿರಲಿಲ್ಲ. ಮೊದಲು ಕಿರ್ರೋ ಅನ್ನುತ್ತಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ, ತಟ್ಟುವುದಕ್ಕೆ ಬೇರೆ ಯಾರಿದ್ದಾರೆ?

ಪಕ್ಕದ ಮನೆಯ ಟೀಚರಮ್ಮ ಬೇಲಿಯ ಹತ್ತಿರ ನಿಂತು ಎರಡೂ ಕಿವಿ ಮುಚ್ಚಿಕೊಂಡು ಏನೋ ಅಂದರು. ಲೇತಿನ ಕಡೆ ಬೆರಳು ತೋರಿಸಿದರು. “ಹ್ಞೂಂ ಕಣ್ರೀ, ಗ್ರೀಸ್ ಹಾಕಿದೆ, ಈಗ ಸದ್ದೇ ಇಲ್ಲ ನೋಡಿ,” ಅಂದೆ. ಬಾಯಿ ತೆರೆದುಕೊಂಡು ನಿಂತುಬಿಟ್ಟರು. ಟೀಚರಮ್ಮನಿಗೂ ಏನೋ ತಾಪತ್ರಯ ಇರಬೇಕು.

ಸಂಜೆ ಅಕ್ಕ ನನ್ನೆದುರು ಬಂದು, ಬಲಗಿವಿಯನ್ನು ಬೆರಳಿನಿಂದ ಹಿಡಿದು ತೋರಿಸಿ, ಡಾಕ್ಟ್ರು ಅಂತಲೋ ಡಬ್ಬಿ ಅಂತಲೋ ಏನೋ ಅಂದಳು. ಓಲೆ ಕಳೆದುಕೊಂಡಿದ್ದಾಳೆ ಅಂದುಕೊಂಡು ಮಂಚದ ಕೆಳಗೆಲ್ಲ ತೆವಳಿ ಹುಡುಕಿದೆ. ಮೇಲೆದ್ದು ನೋಡಿದರೆ ಎರಡೂ ಓಲೆ ಅವಳ ಕಿವಿಯಲ್ಲೇ ಇವೆ. ಇಷ್ಟು ಹೊತ್ತು ಸುಮ್ಮನೆ ನೋಡುತ್ತಾ ನಿಂತಿದ್ದಳು! ಸಿಟ್ಟು ಬಂತು. ಅವಳಿಗೂ ಬಂದಿತ್ತು. ಅವಳು ಒಳಗೆ ಹೋದಳು, ನಾನು ಹೊರಗೆ ಹೋದೆ.

ಮಾರ್ಚ್ 23, ಭಾನುವಾರ

ಇವತ್ತು ಅಕ್ಕ ತಾನಾಗಿ ಶೆಡ್ಡಿಗೆ ಬಂದಳು. ನಾನು ಲೇತ್ ನಿಲ್ಲಿಸುವ ತನಕ ಬಾಗಿಲಲ್ಲೇ ಕಾದಳು. ಆಮೇಲೆ ಹತ್ತಿರ ಬಂದು, ನನ್ನ ಅಂಗಿಯ ಮೇಲಿದ್ದ ಮರದ ಹೊಟ್ಟನ್ನು ಒರೆಸಿ, ನಿಧಾನವಾಗಿ ಏನೋ ಕೇಳಿದಳು. ಉದ್ದನೆಯ ಮಾತು. ಮೆತ್ತಗೆ ಬೇರೆ. ಹಿಂದುಗಡೆ ಬಾಗಿಲ ಬೆಳಕು, ಮುಖ ಕತ್ತಲೆ. ಇಷ್ಟು ದಿನದ ಮೇಲೆ ಪ್ರೀತಿಯಿಂದ ಮಾತಾಡಿಸುತ್ತಿದ್ದಾಳೆ, ಏನಂದೆ ಅಂತ ಕೇಳಿ ಅದನ್ನೂ ಕೆಡಿಸುವುದು ಬೇಡ ಅನ್ನಿಸಿತು.

“ಹ್ಞೂಂ,” ಅಂದೆ.

ಅವಳು ಅಲ್ಲಾಡಲಿಲ್ಲ. ಇನ್ನೇನಾದರೂ ಹೇಳುತ್ತೇನೋ ಅಂತ ನೋಡುತ್ತಿದ್ದಳು. ಸರಿಯಾಗಿಯೇ ಉತ್ತರ ಕೊಡೋಣ ಅಂತ, “ಅದಕ್ಕೇನಂತೆ, ಆಗ್ಲಿ ಬಿಡು,” ಅಂದೆ. ನಗುತ್ತಲೇ ಅಂದೆ.

ತಲೆಯಾಡಿಸಿ ಹೋದಳು. ಜೇನುಮೇಣ ಮುಗಿದಿತ್ತು, ಅದನ್ನು ತರುವ ಮಾತಿರಬೇಕು. ಏನೇ ಇರಲಿ, ಮನಸ್ಸು ಹಗುರವಾಯಿತು. ನಡುವಿನ ಕೋಪವೆಲ್ಲ ಇಳಿದ ಹಾಗೆ.

ಮಾರ್ಚ್ 26, ಬುಧವಾರ

ಅಕ್ಕ ಹೋದಳು.

ನಿನ್ನೆಯಿಂದ ಬಟ್ಟೆ ಮಡಚುತ್ತಿದ್ದಳು, ಮಗಳನ್ನು ನೋಡಿಕೊಂಡು ಬರುವುದಕ್ಕೆ ಅಂದುಕೊಂಡಿದ್ದೆ. ಇವತ್ತು ಬೆಳಗ್ಗೆ ನೋಡಿದರೆ ದೊಡ್ಡ ಟ್ರಂಕು, ಭಾವನ ಫೋಟೋ, ಅವಳ ಹೊಲಿಗೆಯ ಡಬ್ಬಿ ಎಲ್ಲ ಬಾಗಿಲ ಹತ್ತಿರ ಇವೆ. ನಾಲ್ಕು ದಿನಕ್ಕೆ ಹೋಗುವವರು ಫೋಟೋ ಒಯ್ಯುತ್ತಾರೆಯೇ?

ಒಂದು ಮಾತು ಕೇಳಬಾರದಿತ್ತೇ ನನ್ನನ್ನು? ಬೇಡ ಅಂತಿದ್ದೆನೋ ಬೇಕು ಅಂತಿದ್ದೆನೋ, ಕೇಳಬೇಕಾದದ್ದು ಧರ್ಮ ಅಲ್ಲವೇ? ಹೀಗೆಲ್ಲ ಬಾಯಿತುದಿಗೆ ಬಂದಿತ್ತು, ನುಂಗಿದೆ. ನನ್ನ ಮೂಗಿನ ತುದಿಯ ಕೋಪ ಊರಿಗೇ ಗೊತ್ತು, ಹೊರಟವಳ ಮುಂದೆ ಅದನ್ನು ತೋರಿಸಬಾರದು ಅಂತ ಸುಮ್ಮನೆ ಟ್ರಂಕು ಎತ್ತಿಕೊಂಡು ನಡೆದೆ. ಬಸ್ ನಿಲ್ದಾಣದಲ್ಲಿ ನನ್ನ ಕೈ ಹಿಡಿದುಕೊಂಡಳು. ಏನೋ ಹೇಳಿದಳು. ಬಸ್ಸಿನ ಇಂಜಿನ್ನು ಓಡುತ್ತಿತ್ತು. ಹ್ಞೂಂ ಹ್ಞೂಂ ಅಂದೆ.

ಹೋಗಲಿ. ಎಲ್ಲಾದರೂ ಸುಖವಾಗಿರಲಿ.

ಮಾರ್ಚ್ 27, ಗುರುವಾರ

ಚಹಾ ಎರಡು ಲೋಟ ಮಾಡಿದೆ. ಎರಡನ್ನೂ ನಾನೇ ಕುಡಿದೆ.

ಏಪ್ರಿಲ್ 1, ಮಂಗಳವಾರ

ಮೆರುಗಿನ ಕೆಲಸಕ್ಕೆ ಕೂತಿದ್ದೆ. ನೋಡುವುದಕ್ಕೆ ಏನೂ ಇಲ್ಲ ಅದರಲ್ಲಿ: ಒರಟು ಕಾಗದದಿಂದ ಶುರು ಮಾಡಿ ನಯದ ಕಾಗದಕ್ಕೆ ಬರುವುದು, ನಡುವೆ ಒಂದು ಸಲ ಒದ್ದೆ ಬಟ್ಟೆಯಿಂದ ಒರೆಸಿ ಮರದ ನಾರು ಎದ್ದು ನಿಲ್ಲುವಂತೆ ಮಾಡಿ ಮತ್ತೆ ಉಜ್ಜುವುದು, ಎಣ್ಣೆ ಹಚ್ಚುವುದು, ಕಾಯುವುದು. ಅಕ್ಕ ಇದನ್ನೆಲ್ಲ ಹಾಡು ಗುನುಗಿಕೊಂಡು ಮಾಡುತ್ತಿದ್ದಳು. ಆ ಹಾಡು ಈಚೆಗೆ ನಿಂತುಹೋಗಿತ್ತು, ಅವಳು ಇಲ್ಲಿ ಇರುವಾಗಲೇ. ಅದೂ ಒಂದು ಸೂಚನೆಯಾಗಿತ್ತೋ ಏನೋ, ನಾನು ಬೆಪ್ಪುತಕ್ಕಡಿ, ಗಮನಿಸಲಿಲ್ಲ.

ನನ್ನ ಕೈಗೆ ಕಾಯುವುದು ಬರುವುದಿಲ್ಲ. ಎಣ್ಣೆ ಆರುವ ಮುಂಚೆಯೇ ಮೇಣ ತಿಕ್ಕಿದೆ, ಬಟ್ಟಲು ಅಂಟಂಟಾಗಿ ಕೂತಿತು. ನೊಣ ಕೂತರೆ ಏಳುವುದಿಲ್ಲ. ಬಿಸಿ ನೀರಿನ ಬಟ್ಟೆಯಿಂದ ಒರೆಸಿ, ಮತ್ತೆ ಕಾಗದ ಹಿಡಿದು ಮೊದಲಿನಿಂದ ಉಜ್ಜಿದೆ. ಬೆರಳ ತುದಿ ಸುಲಿಯಿತು. ಅವಳ ಬೆರಳೂ ಹೀಗೆಯೇ ಸುಲಿಯುತ್ತಿತ್ತೇ? ಕೇಳಿದವನಲ್ಲ ನಾನು.

ಏಪ್ರಿಲ್ 3, ಗುರುವಾರ

ಅಕ್ಕ ಫೋನು ಮಾಡಿದ್ದಳು. ಈ ಫೋನು ದಂಡ. ಒಳಗೆ ಒಂದು ದುಂಬಿ ಕೂತು ಗುಂಯ್ ಅಂದ ಹಾಗೆ. ಅದು ಅಕ್ಕ ಅಂತ ಗೊತ್ತಾದದ್ದೇ ಪರದೆಯ ಮೇಲೆ ಹೆಸರು ಬಂದದ್ದರಿಂದ. “ಹ್ಞೂಂ, ಚೆನ್ನಾಗಿದ್ದೀನಿ,” ಅಂದೆ. “ಹ್ಞೂಂ, ಊಟ ಆಯ್ತು,” ಅಂದೆ. ಇನ್ನೂ ಗುಂಯ್ ಅನ್ನುತ್ತಿತ್ತು. “ಆಯ್ತಕ್ಕಾ, ಇಡ್ತೀನಿ,” ಅಂದು ಇಟ್ಟೆ. ಏನು ಕೇಳುತ್ತಿದ್ದಳೋ.

ಹಿತ್ತಲ ಮರಕ್ಕೆ ಬೆಳಗಿನ ಹೊತ್ತು ಬರುತ್ತಿದ್ದ ಹಕ್ಕಿಗಳೂ ಈ ವರ್ಷ ಬಂದಿಲ್ಲ. ಎಲ್ಲರೂ ಮಾತಾಡಿಕೊಂಡು ನನ್ನನ್ನು ಬಿಟ್ಟಂತಿದೆ.

ಏಪ್ರಿಲ್ 7, ಸೋಮವಾರ

ದಿಮ್ಮಿ ಮುಗಿದವು. ಕೆಲಸವಿಲ್ಲ. ಮಾತಾಡಲು ಜನವಿಲ್ಲ. ಮೂಲೆಯಲ್ಲಿದ್ದ ಹಿಪ್ಪುನೇರಳೆಯ ರಾಶಿ ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಒಂದನ್ನು ಸೀಳಿ ಒಳಗಿನ ಬಿರುಕು ತೋರಿಸಿ, “ತಗೋ, ನಿನ್ನ ಮರ” ಅಂತ ಗರಗಸನ ಮುಖಕ್ಕೆ ಹಿಡಿಯೋಣ ಅಂತ ಕೊಡಲಿ ತಂದೆ.

ಮೊದಲನೆಯದು ಎರಡು ಹೋಳಾಯಿತು. ಒಳಗೆ ಜೇನಿನ ಬಣ್ಣ, ಬಿಗಿಯಾದ ನಾರು. ಬಿರುಕಿಲ್ಲ. ಇದೊಂದು ತಪ್ಪಿಸಿಕೊಂಡಿದೆ ಅಂದುಕೊಂಡು ಇನ್ನೊಂದನ್ನು ಸೀಳಿದೆ. ಅದರಲ್ಲೂ ಇಲ್ಲ. ಬೆಳಕಿಗೆ ಹಿಡಿದು ನೋಡಿದೆ, ಉಗುರು ಹಾಕಿ ಕೆರೆದೆ. ಮತ್ತೊಂದು ಸೀಳಿದೆ. ಮತ್ತೊಂದು. ಎಲ್ಲೋ ಒಂದರಲ್ಲಾದರೂ ಇರಬೇಕಲ್ಲ! ಬೆವರು ಕಣ್ಣಿಗೆ ಇಳಿಯುತ್ತಿತ್ತು. ಇರಲಿ ದೇವರೇ, ಒಂದರಲ್ಲಾದರೂ ಬಿರುಕು ಇರಲಿ ಅಂತ ಬೇಡಿಕೊಂಡೆ. ಬಟ್ಟಲು ಕಡೆಯುವವನು ಯಾವನಾದರೂ ಹಾಗೆ ಬೇಡಿಕೊಂಡಾನೆಯೇ?

ರಾಶಿ ಮುಗಿಯುವ ತನಕ ಸೀಳಿದೆ. ಒಂದರಲ್ಲೂ ಬಿರುಕಿರಲಿಲ್ಲ. ಈಗ ಇರುವ ಬಿರುಕೆಲ್ಲ ನಾನು ಮಾಡಿದ್ದು.

ಏಪ್ರಿಲ್ 8, ಮಂಗಳವಾರ

ಬೆಳಗ್ಗೆ ಅಡುಗೆಮನೆಗೆ ಹೋಗಿ ಕಂಡದ್ದನ್ನೆಲ್ಲ ತಟ್ಟಿದೆ. ಗಾಜಿನ ಲೋಟ ತಟ್ಟಿದೆ, ದಬ್. ಹಿತ್ತಾಳೆಯ ಪಾತ್ರೆ, ದಬ್. ಕಿಟಕಿಯ ಗಾಜು, ದಬ್. ಮನೆಯಲ್ಲಿರುವ ಸಾಮಾನೆಲ್ಲ ಒಂದೇ ವರ್ಷದಲ್ಲಿ ಬಿರುಕು ಬಿಡುವುದಕ್ಕೆ ಸಾಧ್ಯವೇ? ಕೊನೆಗೆ ದೊಡ್ಡ ಸ್ಟೀಲ್ ತಟ್ಟೆಯನ್ನು ತಲೆಯ ಮೇಲೆತ್ತಿ ಕಲ್ಲಿನ ನೆಲಕ್ಕೆ ಬಿಟ್ಟೆ. ಬಿತ್ತು, ಅಂಚಿನ ಮೇಲೆ ಗಿರಗಿರ ಸುತ್ತಿತು, ಸುತ್ತಿ ಸುತ್ತಿ ಮಲಗಿತು. ಸುತ್ತುವುದನ್ನು ನೋಡಿದೆ. ನೋಡಿದೆ ಅಷ್ಟೇ.

ಟೀಚರಮ್ಮ ಗಾಬರಿಯಿಂದ ಓಡಿ ಬಂದರು. ಅವರ ಮನೆಗೆ ಕೇಳಿಸಿತ್ತು.

ತಟ್ಟೆ ಎತ್ತಿಟ್ಟೆ. ಅಲ್ಲಿಂದ ನೇರ ಸಾಮಿಲ್ಲಿಗೆ ನಡೆದೆ. ಗರಗಸ ನನ್ನನ್ನು ಕಂಡು ಬೇರೆ ಕಡೆ ತಿರುಗಿದ. ಹೋಗಿ ಅವನೆದುರು ನಿಂತೆ.

“ನನ್ ಕಿವೀಲಿ ಹೇಳು. ಜೋರಾಗಿ ಹೇಳು. ಅವತ್ತು ಏನಂದೆ ನೀನು?”

ಕೈಯಲ್ಲಿದ್ದ ಹಲಗೆ ಕೆಳಗಿಟ್ಟ. ಆಮೇಲೆ ನನ್ನ ತಲೆಗೆ ಕೈಹಾಕಿ ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಕೂಗಿದ, ನನ್ನ ಹಳೆಯ ಗರಗಸ.

“ಒಣಗಿದೆ ಅಂದೆ ಕಣೋ! ಚೆನ್ನಾಗ್ ಒಣಗಿದೆ! ನೀನು ನೋಡಿದ್ರೆ ಕತ್ತಿನ ಪಟ್ಟಿ ಹಿಡಿಯೋಕ್ ಬಂದೆ.”

ಒಣಗಿದೆ. ಒಡೆದಿದೆ. ಒಂದೇ ಒಂದು ಅಕ್ಷರವೋ ಎರಡೋ. ಅಷ್ಟಕ್ಕೆ ಒಂದು ವರ್ಷದ ಬಟ್ಟಲು ಸೌದೆಯಾದವು.

“ಅವತ್ತೇ ಬಿಡಿಸಿ ಹೇಳ್ಬಾರ್ದಿತ್ತೇನೋ?”

“ಹೇಳಿದ್ನಲ್ಲೋ ಮಾರಾಯ! ಗಂಟಲು ಹರ್ಕೊಂಡೆ. ಕೇಳಿಸ್ಬೇಕಲ್ಲ ನಿಂಗೆ.” ಆಮೇಲೆ ಬೆಂಚಿನ ಮೇಲೆ ಕೂರಿಸಿ ಇನ್ನೊಂದು ಮಾತು ಹೇಳಿದ. ಅಕ್ಕ ಹೊರಡುವ ಹಿಂದಿನ ದಿನ ಸಾಮಿಲ್ಲಿಗೆ ಬಂದಿದ್ದಳಂತೆ. “ಬಂದು ಅತ್ರು ಕಣೋ. ‘ಮಗಳ ಮನೆಗೆ ಹೋಗಿ ಇದ್ದುಬಿಡ್ಲಾ, ಬೇಡ ಅಂದ್ರೆ ಹೋಗಲ್ಲ ಅಂತ ಕೇಳ್ದೆ. ಹ್ಞೂಂ ಅಂದ. ಅದಕ್ಕೇನಂತೆ ಆಗ್ಲಿ ಬಿಡು ಅಂತ ನಗ್ತಾ ಅಂದ’ ಅಂದ್ರು. ನಿಂಗೆ ಅಷ್ಟು ಭಾರ ಆಗಿದ್ರೇನೋ ಅವ್ರು?”

ಜೇನುಮೇಣ ಅಂದುಕೊಂಡಿದ್ದೆ ನಾನು. ಜೇನುಮೇಣ!

ಅವನ ಮುಂದೆಯೇ ಅತ್ತೆ. ನಾಚಿಕೆ ಏನೂ ಆಗಲಿಲ್ಲ. ಮರ ಕೊಯ್ಯುವ ಮಿಶಿನ್ನಿನ ಹತ್ತಿರ ನಿಂತವರು ನೋಡಿದರು, ನೋಡಲಿ.

ಏಪ್ರಿಲ್ 9, ಬುಧವಾರ

ಗರಗಸ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಚಿಕ್ಕ ಕೋಣೆಯಲ್ಲಿ ಕೂರಿಸಿ, ತಲೆಗೆ ಒಂದು ಸಾಧನ ತೊಡಿಸಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಬಂದಾಗ ಒತ್ತಿ ಅಂದರು. ಮೊದಲು ದಪ್ಪ ಸದ್ದುಗಳು ಬಂದವು, ಒತ್ತಿದೆ. ಆಮೇಲೆ ಬರಲಿಲ್ಲ. ಬಂದ ಕೂಡಲೇ ಒತ್ತಬೇಕು ಅಂತ ಹೆಬ್ಬೆರಳು ಇಟ್ಟುಕೊಂಡು ಕೂತೇ ಇದ್ದೆ. ಡಾಕ್ಟರಮ್ಮ ಬಾಗಿಲು ತೆರೆದು ಸಾಧನ ಬಿಚ್ಚಿದಾಗಲೇ ಮುಗಿದಿದೆ ಅಂತ ಗೊತ್ತಾದದ್ದು.

ಲೇತಿನ ಸದ್ದು ಇಷ್ಟು ವರ್ಷ ತಿಂದದ್ದಂತೆ. ಸಣ್ಣ ದನಿಗಳು ಹೋಗಿವೆ, ಹಕ್ಕಿಯ ದನಿ, ಹೆಂಗಸರ ದನಿ, ಮಾತಿನ ತುದಿಗಳು. ಕಿವಿಗೆ ಹಾಕುವ ಯಂತ್ರ ಮುಂದಿನ ತಿಂಗಳು ಬರುತ್ತದೆ. ಹಾಕಿದರೂ ಮೊದಲಿನ ಹಾಗೆ ಕೇಳಿಸುವುದಿಲ್ಲ ಅಂದರು. ಪೂರ್ತಿ ಮಾತು ಕೇಳಿಸಲಿಲ್ಲ, ಅದಕ್ಕೇ ಗರಗಸನಿಂದ ಎರಡೆರಡು ಸಲ ಹೇಳಿಸಿಕೊಂಡೆ. ಅವನು ಕೂಗಿ ಕೂಗಿ ಹೊರಗೆ ಕೂತಿದ್ದ ರೋಗಿಗಳಿಗೂ ನನ್ನ ಚರಿತ್ರೆಯೆಲ್ಲ ತಿಳಿಯಿತು.

ಅಕ್ಕನಿಗೆ ಫೋನು ಮಾಡುತ್ತೇನೆ ಅಂದ. ಬೇಡ ಅಂದೆ. ಇದು ಬೇರೆಯವರ ಬಾಯಿಂದ ಹೋಗುವ ಮಾತಲ್ಲ.

ಏಪ್ರಿಲ್ 11, ಶುಕ್ರವಾರ

ಹೋಗಿ ಬಂದೆ. ಈಗಷ್ಟೇ ಮನೆಗೆ ಬಂದು ಕೂತಿದ್ದೇನೆ. ಕಾಲು ತೊಳೆದಿಲ್ಲ, ಮೊದಲು ಬರೆಯುತ್ತೇನೆ.

ಅಕ್ಕನ ಮಗಳು ನೌಕರಿಗೆ ಹೋಗಿದ್ದಳು. ಅಕ್ಕನೇ ಬಾಗಿಲು ತೆಗೆದಳು, ಸೊಂಟದಲ್ಲಿ ಮಗು. ನನ್ನನ್ನು ಕಂಡು ಕಣ್ಣರಳಿಸಿ ಏನೋ ಕೇಳಿದಳು. ಹ್ಞೂಂ ಅನ್ನುವುದು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಹಾಳು ನಾಲಗೆ.

“ಅಕ್ಕಾ, ನಂಗೆ ಕಿವಿ ಕೇಳಿಸಲ್ಲ,” ಅಂದೆ.

ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ನನ್ನ ಕಿವಿಗೆ ಬಾಯಿಟ್ಟು ಹೇಳಿದಳು. “ಗೊತ್ತು ಕಣೋ ಪೆದ್ದೇ. ಇಡೀ ಬೀದಿಗೆ ಗೊತ್ತು. ಹೇಳಿದ್ರೆ ರೇಗಾಡ್ತಿದ್ದೆ.”

“ಮತ್ತೆ ಅವತ್ತು? ಶೆಡ್ಡಲ್ಲಿ? ನಾನು ಹ್ಞೂಂ ಅಂದಾಗ?”

ಮಗು ಅವಳ ಓಲೆ ಹಿಡಿದು ಎಳೆಯುತ್ತಿತ್ತು, ಅದರ ಬೆರಳು ಬಿಡಿಸಿದಳು. ಮತ್ತೆ ನನ್ನ ಕಿವಿಯ ಹತ್ತಿರ ಬಂದಳು.

“ಅದೊಂದ್ ಸಲ ನಿಂಗೆ ಕೇಳಿಸ್ತು ಅಂದ್ಕೊಂಡೆ.”

ನಾನು ಹೊಸ್ತಿಲ ಮೇಲೆಯೇ ಕೂತೆ. ಕೂತಲ್ಲಿಂದಲೇ ಎಲ್ಲ ಹೇಳಿದೆ. ನಾನು ಹೋಗು ಅನ್ನಲಿಲ್ಲ ಅಂದೆ. ಕೇಳಿಸಿದ್ದರೆ ಬೇಡ ಅಂತಿದ್ದೆ ಅಂದೆ. ಬಟ್ಟಲನ್ನೆಲ್ಲ ಸೀಳಿಹಾಕಿದೆ ಅಂದೆ. ನನ್ನ ಕೈಯಲ್ಲಿ ಮೆರುಗು ಬರುವುದಿಲ್ಲ, ನಿನ್ನ ಕೆಲಸವನ್ನೇ ಜನ ಸವರಿ ನೋಡುತ್ತಿದ್ದದ್ದು ಅಂದೆ. ಮನೆಯಲ್ಲಿ ಒಬ್ಬನೇ ಇರಲಾರೆ, ಬಾ ಅಕ್ಕಾ ಅಂದೆ. ಜೋರಾಗಿಯೇ ಅಂದಿರಬೇಕು, ಎದುರುಮನೆಯ ಕಿಟಕಿ ತೆರೆಯಿತು.

ಅವಳು ಏನೂ ಹೇಳಲಿಲ್ಲ. ಅಥವಾ ಬೆನ್ನು ತಿರುಗಿಸಿ ಒಳಗೆ ಹೋಗುವಾಗ ಹೇಳಿದಳೋ. ಊಟ ಬಡಿಸಿದಳು, ಎರಡನೇ ಸಲ ಬಡಿಸಿದಳು. ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಅದು ಚೆನ್ನಾಗಿದೆ, ನನ್ನ ಹಾಗೆಯೇ ಬೇಗ ಸಿಟ್ಟಾಗುತ್ತದೆ. ಕೊನೆಯ ಬಸ್ಸಿನ ಹೊತ್ತಾಯಿತು. ಬರುತ್ತೀಯಾ ಅ‍ಂತ ಇನ್ನೊಂದು ಸಲ ಕೇಳುವ ಧೈರ್ಯ ಬರಲಿಲ್ಲ. ಅವಳಿಗೂ ಅಲ್ಲಿ ಮಗು ಇದೆ, ಮಗಳಿದ್ದಾಳೆ. ಕಿವುಡನ ಜೊತೆ ಬದುಕಿ ಅಂತ ಯಾರನ್ನು ಬಲವಂತ ಮಾಡಲಾಗುತ್ತದೆ?

ಬಸ್ಸಿನ ತನಕ ಬಂದಳು. ಬಸ್ಸು ಹೊರಟ ಮೇಲೆ ಕಿಟಕಿಯ ಜೊತೆ ಜೊತೆಗೇ ನಡೆಯುತ್ತಾ ಏನೋ ಕೂಗಿದಳು.

“ಕೇಳಿಸ್ಲಿಲ್ಲ!” ಅಂತ ನಾನೂ ಕೂಗಿದೆ.

ಮತ್ತೆ ಕೂಗಿದಳು. ಮಗು ಅವಳ ಹೆಗಲ ಮೇಲೆ ಕುಲುಕುತ್ತಿತ್ತು.

“ಕೇಳಿಸ್ಲಿಲ್ಲ ಅಕ್ಕಾ! ಇನ್ನೊಂದ್ ಸಲ!”

ಬಸ್ಸು ತಿರುವಿನಲ್ಲಿ ತಿರುಗಿತು. ಅವಳು ನಿಂತಳು, ಕೈ ಬಾಯಿಗೆ ಅಡ್ಡ ಹಿಡಿದುಕೊಂಡು ಕೊನೆಯ ಸಲ ಕೂಗಿದಳು, ಅದೂ ಕೇಳಿಸಲಿಲ್ಲ. ಬಸ್ಸಿನ ತುಂಬ ಜನ ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಚೀಲ ಅಪ್ಪಿಕೊಂಡು ಕೂತಿದ್ದ ಅಜ್ಜಿ ನನ್ನ ತೋಳು ತಟ್ಟಿ, ಕಿವಿಯ ಹತ್ತಿರ ಬಾಯಿ ತಂದು, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು.

“ಭಾನುವಾರ ಬರ್ತಾರಂತಪ್ಪಾ. ಮಗೂನೂ ಕರ್ಕೊಂಡು ಬರ್ತಾರಂತೆ. ಬಾಗಿಲು ತೆಗೆದಿಟ್ಟಿರ್ಬೇಕಂತೆ. ಬಡಿದ್ರೆ ನಿಂಗೆ ಕೇಳಿಸಲ್ವಂತೆ.”

ಇವತ್ತಿನ್ನೂ ಶುಕ್ರವಾರ. ಬಾಗಿಲು ಆಗಲೇ ತೆಗೆದಿಟ್ಟಿದ್ದೇನೆ. ಯಾರದೋ ಮನೆಯ ಎರಡು ಬೆಕ್ಕು ಒಳಗೆ ಬಂದು ನಡುಮನೆಯಲ್ಲಿ ಮಲಗಿವೆ. ಮಲಗಲಿ.